ಎಂ.ಎಸ್. ಇರುವವರ ಮರೆವು, ನಿಧಾನ, ಗೊಂದಲ: ದಿನದ ಕೆಲಸದಲ್ಲೇ ಗುರುತಿಸಿ ಅಳೆಯುವ ಬಗೆ

ಅಕ್ಕನ ಅಡುಗೆಮನೆಯಲ್ಲಿ ಅನ್ನದ ಕುಕ್ಕರ್ ಮೂರು ಸೀಟಿಗೆ ಇಳಿಯಬೇಕು. ಎರಡು ವರ್ಷದ ಹಿಂದೆ ಒಂದು ಭಾನುವಾರ, ಮುಂಬಯಿ ಬಳಿಯ ಡೊಂಬಿವಲಿಯ ಅವಳ ಮನೆಯಲ್ಲಿ ನಾನು ಕಾಯಿ ತುರಿಯುತ್ತಾ ಕೂತಿದ್ದೆ. ಕುಕ್ಕರ್ ಒಂದು ಸಲ ಕೂಗಿತು. ಅಕ್ಕ ಸಾರಿಗೆ ಒಗ್ಗರಣೆ ಇಡುತ್ತಿದ್ದಳು. ಎರಡನೆಯ ಸಲ ಕೂಗುವ ಹೊತ್ತಿಗೆ ಮಗಳು ಬಂದು “ಅಮ್ಮಾ, ಕ್ಲಾಸಿನ ಫೀಸು ಕಳಿಸಿದ್ಯಾ?” ಎಂದಳು. ಅಕ್ಕ ಅವಳ ಕಡೆ ತಿರುಗಿ ಉತ್ತರಕ್ಕಾಗಿ ತಡಕಾಡಿದಳು, ಮತ್ತೆ ಒಲೆಯ ಕಡೆ ನೋಡಿದಳು. ಸಾಸಿವೆ ಕರಕಲಾಗಿತ್ತು. “ಎಷ್ಟಾಯ್ತು ಮಾರಾಯ್ತಿ? ಎರಡಾ, ಮೂರಾ?” ಎಂದು ನನ್ನನ್ನು ಕೇಳಿದಳು. ಆ ದನಿಯಲ್ಲಿ ಹೆದರಿಕೆ ಇತ್ತು.

ಅವಳಿಗೆ ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂ.ಎಸ್.) ಇದೆಯೆಂದು ತಿಳಿದು ಆಗ ಆರು ವರ್ಷ ಕಳೆದಿತ್ತು. ಕಾಲಿನ ಜೋಮು, ಕಣ್ಣಿನ ಮಂಜು, ಇಂಜೆಕ್ಷನ್, ಎಂ.ಆರ್.ಐ. ರಿಪೋರ್ಟು, ಇವನ್ನೆಲ್ಲ ಬಂದವರೆಲ್ಲ ವಿಚಾರಿಸುತ್ತಿದ್ದರು. ಸೀಟಿ ಎಣಿಸಲು ಆಗುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಹದಿನಾರು ವರ್ಷ ಮುಂಬಯಿಯಲ್ಲಿ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ, ಅಂದರೆ ಕಾಯಿಲೆಯವರು ದಿನದ ಕೆಲಸಗಳನ್ನು ಮಾಡಿಕೊಳ್ಳಲು ನೆರವಾಗುವವಳಾಗಿ, ಕೆಲಸ ಮಾಡಿದ ನಾನೂ ಕೇಳಿರಲಿಲ್ಲ. ಅಂದಿನಿಂದ ಅಕ್ಕನ ಜೊತೆಗೂ ನನ್ನ ಬಳಿ ಬರುವ ಬೇರೆ ಮನೆಗಳ ಜೊತೆಗೂ ಮಾಡಿಕೊಂಡು ಬಂದ ಕ್ರಮವನ್ನು ಇಲ್ಲಿ ಹಂತಹಂತವಾಗಿ ಬರೆಯುತ್ತಿದ್ದೇನೆ. ಮುಂಬಯಿ, ಠಾಣೆ, ಪುಣೆ ಕಡೆಯ ಕನ್ನಡದ ಮನೆಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬರೆದಿದ್ದೇನೆ.

ಇದು ಎಂಥ ತೊಂದರೆ

ಎಂ.ಎಸ್.ನಲ್ಲಿ ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ, ಕಣ್ಣಿನ ನರಗಳನ್ನು ಸುತ್ತಿರುವ ಮಯಲಿನ್ ಎಂಬ ಕವಚದ ಮೇಲೆ ದಾಳಿ ಮಾಡುತ್ತದೆ. ಕವಚ ಕಳೆದುಕೊಂಡ ನರದಲ್ಲಿ ಸಂದೇಶ ನಿಧಾನವಾಗುತ್ತದೆ, ಕೆಲವೆಡೆ ನಿಂತೇ ಹೋಗುತ್ತದೆ. ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ಶುರುವಾಗುವ ಕಾಯಿಲೆ ಇದು. ಮನೆ, ಮಕ್ಕಳು, ನೌಕರಿ ಎಲ್ಲ ಒಟ್ಟಿಗೆ ತಲೆಯ ಮೇಲಿರುವ ವಯಸ್ಸು.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಕಾಯಿಲೆಯನ್ನು ವಿವರವಾಗಿ ವರ್ಣಿಸಿದ ಪ್ಯಾರಿಸ್ಸಿನ ವೈದ್ಯ ಶಾರ್ಕೋ, ರೋಗಿಗಳ ನೆನಪು ಕುಂದುವುದನ್ನೂ ಯೋಚನೆ ನಿಧಾನವಾಗುವುದನ್ನೂ ಆಗಲೇ ಗುರುತಿಸಿದ್ದರು. ಆದರೂ ಬಹಳ ಕಾಲ ಇದನ್ನು ಕೈಕಾಲಿನ ಕಾಯಿಲೆ ಎಂದೇ ನೋಡಲಾಯಿತು. 1991ರಲ್ಲಿ ಅಮೆರಿಕದ ಸ್ಟೀಫನ್ ರಾವ್ ಮತ್ತು ಸಂಗಡಿಗರು ಆಸ್ಪತ್ರೆಯ ಹೊರಗೆ ಸಾಮಾನ್ಯ ಜೀವನ ನಡೆಸುತ್ತಿದ್ದ 100 ಮಂದಿಯನ್ನು ಕೂಲಂಕಷವಾಗಿ ಪರೀಕ್ಷಿಸಿ, ಸುಮಾರು 43% ಮಂದಿಗೆ ನೆನಪು, ಯೋಚನೆಯ ತೊಂದರೆ ಇದೆಯೆಂದು ತೋರಿಸಿದರು. ಇಂದು ಸಾಮಾನ್ಯವಾಗಿ ಹೇಳುವ ಅಂದಾಜು 40ರಿಂದ 65%. ನಡಿಗೆ ಚೆನ್ನಾಗಿದ್ದವರಲ್ಲೂ, ಕಾಯಿಲೆ ಶುರುವಾದ ಹೊಸತರಲ್ಲೂ ಇದು ಕಾಣಬಹುದು. ಗಾಲಿಕುರ್ಚಿಯಲ್ಲಿ ಇರುವವರಲ್ಲಿ ಇಲ್ಲದೆಯೂ ಇರಬಹುದು.

ಮೊದಲು ಪೆಟ್ಟು ಬೀಳುವುದು ಸಾಮಾನ್ಯವಾಗಿ ವೇಗಕ್ಕೆ. ಕೇಳಿದ್ದನ್ನು, ನೋಡಿದ್ದನ್ನು ಮಿದುಳು ಒಳಗೆ ತೆಗೆದುಕೊಂಡು ಅರ್ಥಮಾಡಿಕೊಳ್ಳಲು ಹೆಚ್ಚು ಹೊತ್ತು ಬೇಕಾಗುತ್ತದೆ. ಅದರ ಬೆನ್ನಿಗೇ ಹೊಸದನ್ನು ಕಲಿಯುವ ಶಕ್ತಿ. ಮನೆಯವರು ಇದನ್ನು “ಮರೆವು” ಅನ್ನುತ್ತಾರೆ. ಎಷ್ಟೋ ಸಲ ಆ ಮಾತು ಮೊದಲ ಬಾರಿಗೇ ಮನಸ್ಸಿಗೆ ಪೂರ್ತಿ ಇಳಿದಿರುವುದಿಲ್ಲ, ಆಮೇಲೆ ಮರೆಯುವುದೆಲ್ಲಿಂದ ಬಂತು? ಮೂರನೆಯದು ಯೋಜನೆ: ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಅಡ್ಡಿ ಬಂದರೆ ಏನು. ಮಾತನಾಡುವಾಗ ಪದ ನಾಲಿಗೆಯ ತುದಿಯಲ್ಲಿ ನಿಂತು ಬಾರದೆ ಇರುವುದೂ ಉಂಟು. ಬುದ್ಧಿವಂತಿಕೆ, ಭಾಷೆ, ಹಳೆಯ ತಿಳುವಳಿಕೆ ಮಾತ್ರ ಬಹಳ ಮಂದಿಯಲ್ಲಿ ಹಾಗೆಯೇ ಉಳಿದಿರುತ್ತವೆ. ಆದ್ದರಿಂದಲೇ ಅರ್ಧ ಗಂಟೆ ಮಾತಾಡಿ ಹೋದ ನೆಂಟರಿಗೆ ಏನೂ ಗೊತ್ತಾಗುವುದಿಲ್ಲ. “ಚೆನ್ನಾಗಿಯೇ ಮಾತಾಡ್ತಾಳಲ್ಲ” ಎಂಬ ಮಾತು ಅಕ್ಕನಿಗೆ ಕೊಟ್ಟಷ್ಟು ನೋವನ್ನು ಕಾಲಿನ ಜೋಮೂ ಕೊಟ್ಟಿಲ್ಲ.

ಹಂತ 1: ಮೊದಲು ಒಪ್ಪಿಗೆ, ಆಮೇಲೆ ಅಳತೆ

“ನಿನಗೆ ಮರೆವು ಜಾಸ್ತಿಯಾಗಿದೆ” ಎಂದು ಶುರುಮಾಡಿದರೆ ಮಾತು ಅಲ್ಲಿಗೇ ಮುಗಿಯುತ್ತದೆ. ನಾನು ಕೇಳುವುದು ಹೀಗೆ: “ಮೊದಲಿಗಿಂತ ಹೆಚ್ಚು ಹೊತ್ತು ಹಿಡಿಯುವ ಕೆಲಸ ಯಾವುದು? ನೀವಾಗಿಯೇ ಬಿಟ್ಟುಬಿಟ್ಟ ಕೆಲಸ ಯಾವುದಾದರೂ ಇದೆಯಾ?” ಎರಡನೆಯ ಪ್ರಶ್ನೆಯನ್ನು ದಯವಿಟ್ಟು ಬಿಡಬೇಡಿ. ತಪ್ಪುವ ಭಯಕ್ಕೆ ಜನ ಕೆಲಸವನ್ನೇ ಬಿಡುತ್ತಾರೆ, ಬಿಟ್ಟ ಕೆಲಸದಲ್ಲಿ ತಪ್ಪು ಕಾಣುವುದಿಲ್ಲ. ಅಕ್ಕ ಒಂದು ಕ್ರೆಡಿಟ್ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದವಳು, ಮನೆಯ ಲೆಕ್ಕವನ್ನು ಸದ್ದಿಲ್ಲದೆ ಭಾವನಿಗೆ ದಾಟಿಸಿದ್ದಳು. ಭಾವ ಅದನ್ನು ದಣಿವು ಅಂದುಕೊಂಡಿದ್ದರು.

ಯಾರು ನೋಡುತ್ತಾರೆ, ಎಲ್ಲಿ ಬರೆದಿಡುತ್ತಾರೆ, ಯಾರಿಗೆ ತೋರಿಸುತ್ತಾರೆ ಎಂಬುದನ್ನು ರೋಗಿಯೇ ನಿರ್ಧರಿಸಲಿ. ಅತ್ತೆ, ನಾದಿನಿ, ಮಕ್ಕಳು ಎಲ್ಲರೂ ಸೇರಿ ನೋಡಲು ನಿಂತರೆ ಯಾರ ಕೈಯಾದರೂ ನಡುಗುತ್ತದೆ. ಒಬ್ಬರು ಸಾಕು.

ಹಂತ 2: ನೀರು ಕದಡುವ ಸಂಗತಿಗಳನ್ನು ಪಕ್ಕಕ್ಕಿಡಿ

ನಿಧಾನ, ಮರೆವು, ಗಮನ ತಪ್ಪುವುದು, ಇವೆಲ್ಲ ಎಂ.ಎಸ್.ನಿಂದಲೇ ಬರಬೇಕೆಂದಿಲ್ಲ. ಅಳತೆಗೆ ಕೂರುವ ಮೊದಲು ಡಾಕ್ಟರ ಜೊತೆ ಇವನ್ನು ನೋಡಿಕೊಳ್ಳಿ.

ಮನಸ್ಸು ಕುಗ್ಗುವುದು. ಎಂ.ಎಸ್. ಇರುವವರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಖಿನ್ನತೆ ಬರುತ್ತದೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಕಳೆದ ಎರಡು ವಾರದ ಮನಸ್ಥಿತಿ ಕೇಳುತ್ತದೆ, ಕನ್ನಡದಲ್ಲೂ ಇದೆ. ಅದರ ಒಂಬತ್ತನೆಯ ಪ್ರಶ್ನೆ ಬದುಕು ಬೇಡವೆನಿಸುವ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಯಾವ ಅಂಕ ಬಂದರೂ ಉಳಿದ ಅಳತೆಯನ್ನೆಲ್ಲ ಅಲ್ಲಿಗೇ ನಿಲ್ಲಿಸಿ, ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಸುಸ್ತು. ಎಂ.ಎಸ್.ನ ಸುಸ್ತು ನಿದ್ದೆ ಮಾಡಿದರೂ ಹೋಗದ ಜಾತಿಯದು. 21 ಪ್ರಶ್ನೆಗಳ ಮಾಡಿಫೈಡ್ ಫಟೀಗ್ ಇಂಪ್ಯಾಕ್ಟ್ ಸ್ಕೇಲ್ ದೇಹದ ಸುಸ್ತನ್ನೂ ತಲೆಯ ಸುಸ್ತನ್ನೂ ಬೇರೆಬೇರೆಯಾಗಿ ತೋರಿಸುತ್ತದೆ.

ಸೆಕೆ. ನಮ್ಮ ಕಡೆ ಇದನ್ನು ಹೇಳದೆ ಇರಲಾಗದು. ದೇಹದ ಉಷ್ಣತೆ ಅರ್ಧ ಡಿಗ್ರಿ ಏರಿದರೂ ಕವಚ ಕಳೆದುಕೊಂಡ ನರ ಇನ್ನಷ್ಟು ನಿಧಾನವಾಗುತ್ತದೆ. 1890ರಲ್ಲಿ, ಮೈ ದಣಿದಾಗ ಕಣ್ಣು ಮಂಜಾಗುವುದನ್ನು ವರ್ಣಿಸಿದ ಜರ್ಮನ್ ಕಣ್ಣಿನ ವೈದ್ಯ ಊಥಾಫ್ ಅವರ ಹೆಸರೇ ಈ ಲಕ್ಷಣಕ್ಕೆ ಉಳಿದಿದೆ. ಮೇ ತಿಂಗಳ ಮಧ್ಯಾಹ್ನ, ಅಕ್ಟೋಬರದ ಧಗೆ, ಸಂಜೆಯ ತುಂಬಿದ ಲೋಕಲ್ಲಿನಿಂದ ಇಳಿದು ಬಂದ ಹೊತ್ತು, ಇವು ಅಳತೆಗೆ ತಕ್ಕ ಸಮಯವಲ್ಲ. ಆದರೆ ಆ ಹೊತ್ತಿನಲ್ಲಿ ಏನಾಗುತ್ತದೆ ಎಂಬುದು ನೋಟುಬುಕ್ಕಿನಲ್ಲಿ ಇರಲಿ.

ಇನ್ನು ಬಿ-12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ, ಅದರಲ್ಲೂ ಸಸ್ಯಾಹಾರಿ ಮನೆಗಳಲ್ಲಿ. ರಾತ್ರಿ ಎರಡು ಮೂರು ಸಲ ಮೂತ್ರಕ್ಕೆ ಎದ್ದು ಕೆಡುವ ನಿದ್ದೆ. ಔಷಧಿಗಳಲ್ಲಿ ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯೂಟಿನಿನ್, ಸ್ನಾಯುಬಿಗಿತಕ್ಕೆ ಬ್ಯಾಕ್ಲೋಫೆನ್, ನರನೋವಿಗೆ ಗ್ಯಾಬಪೆಂಟಿನ್, ನಿದ್ದೆಮಾತ್ರೆ, ಇವು ತಲೆಯನ್ನು ಮಂಕು ಮಾಡಬಲ್ಲವು. ನೀವೇ ನಿಲ್ಲಿಸಬೇಡಿ. ಬ್ಯಾಕ್ಲೋಫೆನ್ ಅನ್ನು ಒಮ್ಮೆಲೇ ನಿಲ್ಲಿಸುವುದು ಅಪಾಯ. ಪಟ್ಟಿ ಬರೆದುಕೊಂಡು ಹೋಗಿ ಡಾಕ್ಟರನ್ನು ಕೇಳಿ. ಕಣ್ಣಿನ ಮಂಜು, ಎರಡೆರಡಾಗಿ ಕಾಣುವುದು ಇದ್ದರೆ ಅದನ್ನೂ ಮೊದಲೇ ತಿಳಿಸಿ.

ರಿಲ್ಯಾಪ್ಸ್ ಆಗಿ, ಅಂದರೆ ಕಾಯಿಲೆ ಮತ್ತೆ ಕೆರಳಿ, ಸ್ಟಿರಾಯ್ಡ್ ತೆಗೆದುಕೊಂಡಿದ್ದರೆ ಅಳತೆಗೆ ಕನಿಷ್ಠ ಒಂದು ತಿಂಗಳು ಕಾಯಿರಿ. ಆದರೆ ಕೆಲವೇ ಗಂಟೆ ಅಥವಾ ದಿನಗಳಲ್ಲಿ ಗೊಂದಲ ಒಮ್ಮೆಲೇ ಹೆಚ್ಚಿದರೆ ಕಾಯುವ ಮಾತೇ ಇಲ್ಲ. ಮೂತ್ರದ ಸೋಂಕು, ಹೊಸ ರಿಲ್ಯಾಪ್ಸ್, ಕೆಲವು ಎಂ.ಎಸ್. ಔಷಧಿಗಳ ಜೊತೆ ಅಪರೂಪಕ್ಕೆ ಬರುವ ಮಿದುಳಿನ ಸೋಂಕು, ಯಾವುದೂ ಆಗಿರಬಹುದು. ನೇರ ಆಸ್ಪತ್ರೆಗೆ ಹೋಗಿ.

ಹಂತ 3: ಎರಡು ವಾರದ ನೋಟುಬುಕ್

“ಮರೆತಳು” ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ಯಾವ ಕೆಲಸ, ಎಷ್ಟು ಹೊತ್ತಿಗೆ, ಆಗ ಜೊತೆಗೆ ಇನ್ನೇನು ನಡೆಯುತ್ತಿತ್ತು, ಎಲ್ಲಿ ಸಿಕ್ಕಿಹಾಕಿಕೊಂಡರು, ಹೇಗೆ ಹೊರಬಂದರು, ಈ ಐದೂ ಇರಬೇಕು. ಭಾವ ಬರೆದ ಒಂದು ಪುಟ ಹೀಗಿದೆ:

“ಮಂಗಳವಾರ, ಸಂಜೆ 6.30. ತರಕಾರಿ ಮಾರ್ಕೆಟ್. ನಾಲ್ಕು ಸಾಮಾನು ಬೇಕಿತ್ತು, ಚೀಟಿ ಇರಲಿಲ್ಲ. ಬೆಂಡೆ, ಟೊಮೆಟೊ ತಂದಳು. ಶುಂಠಿ, ಕೊತ್ತಂಬರಿ ಬಿಟ್ಟಳು. ಮಾರುವವನು ಲೆಕ್ಕ ಎರಡು ಸಲ ಹೇಳಬೇಕಾಯಿತು. ಗದ್ದಲ, ಸೆಕೆ. ಮಧ್ಯಾಹ್ನ ಮಲಗಿರಲಿಲ್ಲ. ಮನೆಗೆ ಬಂದು ಚೀಲ ಬಿಚ್ಚುವಾಗ ತಾನೇ ನೆನಪಿಸಿಕೊಂಡಳು.”

ಇಷ್ಟರಲ್ಲಿ ಎಷ್ಟು ಸಿಕ್ಕಿತು ನೋಡಿ. ಚೀಲ ಕಂಡಾಗ ನೆನಪಾಯಿತು ಅಂದರೆ ಮಾತು ಒಳಗೆ ಇತ್ತು, ಹೊರಗೆ ತರಲು ಒಂದು ಎಳೆ ಬೇಕಿತ್ತು. ಲೆಕ್ಕ ಎರಡು ಸಲ ಕೇಳಬೇಕಾಯಿತು ಅಂದರೆ ವೇಗದ ತೊಂದರೆ. ಮಲಗಿರಲಿಲ್ಲ ಎಂಬುದು ಬೇರೆಯೇ ದಾರಿ ತೋರಿಸುತ್ತದೆ. ಚೆನ್ನಾಗಿ ನಡೆದ ಕೆಲಸವನ್ನೂ ಬರೆಯಿರಿ. ಅಕ್ಕನ ಪುಟಗಳಲ್ಲಿ ಬೆಳಿಗ್ಗೆ 7ರಿಂದ 11ರವರೆಗೆ ತಪ್ಪು ಹೆಚ್ಚುಕಡಿಮೆ ಇರಲೇ ಇಲ್ಲ. ಎರಡು ವಾರ ಬರೆಯದೆ ಇದ್ದಿದ್ದರೆ ನಮ್ಮಲ್ಲಿ ಯಾರೂ ಅದನ್ನು ಕಾಣುತ್ತಿರಲಿಲ್ಲ.

ಹಂತ 4: ಎರಡು ಪ್ರಶ್ನಾವಳಿ, ಎರಡು ಕೋಣೆ

ಪರ್ಸೀವ್ಡ್ ಡೆಫಿಸಿಟ್ಸ್ ಕ್ವೆಶ್ಚನೇರ್, ಪಿಡಿಕ್ಯೂ, 20 ಪ್ರಶ್ನೆಗಳದ್ದು. ಗಮನ, ಆಗಿಹೋದದ್ದರ ನೆನಪು, ಮಾಡಬೇಕಾದದ್ದರ ನೆನಪು, ಯೋಜನೆ, ಹೀಗೆ ನಾಲ್ಕು ಭಾಗಕ್ಕೆ ಐದೈದು ಪ್ರಶ್ನೆ. ಕಳೆದ ನಾಲ್ಕು ವಾರದಲ್ಲಿ ಎಷ್ಟು ಸಲ ಹೀಗಾಯಿತು ಎಂದು ರೋಗಿಯೇ ಗುರುತು ಹಾಕುತ್ತಾರೆ. ಐದೇ ಪ್ರಶ್ನೆಗಳ ಚಿಕ್ಕ ರೂಪವೂ ಇದೆ. ಇನ್ನೊಂದು ಎಂಎಸ್‌ಎನ್‌ಕ್ಯೂ. ಎಂ.ಎಸ್. ಇರುವವರ ಮರೆವು, ಗಮನದ ತೊಂದರೆ ಗುರುತಿಸಲೆಂದು 2003ರಲ್ಲಿ ರಾಲ್ಫ್ ಬೆನೆಡಿಕ್ಟ್ ಮತ್ತು ಸಂಗಡಿಗರು ಮಾಡಿದ್ದು, 15 ಪ್ರಶ್ನೆ. ರೋಗಿಗೊಂದು ಪ್ರತಿ, ಮನೆಯವರಿಗೊಂದು ಪ್ರತಿ. ಪ್ರತಿ ಪ್ರಶ್ನೆಗೆ 0ರಿಂದ 4, ಒಟ್ಟು 60; ಅಂಕ ಹೆಚ್ಚಿದಷ್ಟೂ ತೊಂದರೆ ಹೆಚ್ಚು. ಎರಡನ್ನೂ ನಿಮ್ಮ ಮನಶ್ಶಾಸ್ತ್ರಜ್ಞರು ಅಥವಾ ಥೆರಪಿಸ್ಟರಿಂದ ಪಡೆಯಿರಿ.

ಇಬ್ಬರೂ ಬೇರೆಬೇರೆ ಕೂತು ತುಂಬಿಸಬೇಕು. ಒನ್ ಬಿ.ಎಚ್.ಕೆ.ಯಲ್ಲಿ ಇದು ಕಷ್ಟ, ಒಬ್ಬರು ಕೆಳಗೆ ಹೋಗಿ ಸೊಸೈಟಿಯ ಬೆಂಚಿನ ಮೇಲೆ ಕೂತರೂ ಆದೀತು. ಉತ್ತರ ತಾಳೆಯಾಗದಿದ್ದರೆ ಜಗಳಕ್ಕೆ ಕಾರಣ ಮಾಡಿಕೊಳ್ಳಬೇಡಿ. ರೋಗಿಯ ಸ್ವಂತ ಅಂಕ ಮನಸ್ಸಿನ ಕುಗ್ಗುವಿಕೆಯ ಜೊತೆ ಏರುತ್ತದೆ, ಮನೆಯವರ ಅಂಕ ನಿಜವಾದ ಪರೀಕ್ಷೆಯ ಫಲಿತಾಂಶಕ್ಕೆ ಹೆಚ್ಚು ಹತ್ತಿರ ನಿಲ್ಲುತ್ತದೆ ಎಂದು ಕಂಡುಬಂದಿದೆ. ರೋಗಿ ಹೆಚ್ಚು, ಮನೆಯವರು ಕಡಿಮೆ ಹಾಕಿದ್ದರೆ ಖಿನ್ನತೆ, ಆತಂಕವನ್ನು ಇನ್ನೊಮ್ಮೆ ನೋಡಿ. ಮನೆಯವರು ಹೆಚ್ಚು, ರೋಗಿ ಕಡಿಮೆ ಹಾಕಿದ್ದರೆ ತನ್ನ ತೊಂದರೆಯ ಅರಿವೇ ಮಸುಕಾಗಿರಬಹುದು. ಇದಕ್ಕೆ ನಾನೊಂದು ಮಾತು ಸೇರಿಸುತ್ತೇನೆ: ನೋಡಿಕೊಳ್ಳುವವರು ದಣಿದಿದ್ದರೆ ಅವರ ಅಂಕವೂ ಏರುತ್ತದೆ. ಅವರ ನಿದ್ದೆಯನ್ನೂ ವಿಚಾರಿಸಿ.

ಹಂತ 5: ಕೆಲಸ ಮಾಡುವಾಗ ನೋಡುವುದು

ನನ್ನ ಮಟ್ಟಿಗೆ ಇಡೀ ಕ್ರಮದ ಜೀವಾಳ ಇದೇ. ನಮ್ಮ ವೃತ್ತಿ ಈ ನೆಲದಲ್ಲಿ ಬೇರೂರಿದ್ದೂ ಹೀಗೆಯೇ. 1950ರಲ್ಲಿ ಪರೇಲಿನ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬಕರ್ ಅವರು ದೇಶದ ಮೊದಲ ಆಕ್ಯುಪೇಷನಲ್ ಥೆರಪಿ ಶಾಲೆ ತೆರೆದಾಗಿನಿಂದ ನಾವು ಕಲಿತು ಕಲಿಸುತ್ತಿರುವುದು ಒಂದೇ, ಮನುಷ್ಯನನ್ನು ಅವನ ಕೆಲಸದ ನಡುವೆ ನೋಡು ಎಂಬುದು. ಇದಕ್ಕೆಂದೇ ರೂಪಿಸಿದ ಎಕ್ಸಿಕ್ಯೂಟಿವ್ ಫಂಕ್ಷನ್ ಪರ್ಫಾರ್ಮೆನ್ಸ್ ಟೆಸ್ಟ್‌ನಲ್ಲಿ ಅಡುಗೆ, ಫೋನ್, ಮಾತ್ರೆ, ಬಿಲ್ ಪಾವತಿ, ಈ ನಾಲ್ಕನ್ನು ಮಾಡಿಸಿ ನೋಡುತ್ತಾರೆ. ಅದರ ಮೂಲರೂಪವನ್ನು ತರಬೇತಾದವರೇ ಮಾಡಬೇಕು. ಅದರ ನೋಡುವ ಕಣ್ಣನ್ನು ಮಾತ್ರ ನಾವು ಮನೆಗೆ ತಂದುಕೊಳ್ಳಬಹುದು.

ಪ್ರತಿ ಕೆಲಸದಲ್ಲೂ ಐದು ಸಂಗತಿ ಗಮನಿಸಿ. ತಾನಾಗಿ ಶುರುಮಾಡಿದರೇ? ಬೇಕಾದ್ದನ್ನೆಲ್ಲ ಹೊಂದಿಸಿಕೊಂಡರೇ? ಮೊದಲು ಆಮೇಲೆ ಎಂಬ ಕ್ರಮ ಸರಿಯಿತ್ತೇ? ಅಪಾಯದ ಎಚ್ಚರ ಇತ್ತೇ? ಮುಗಿಯಿತೆಂದು ತಿಳಿದು ನಿಲ್ಲಿಸಿದರೇ? ಒಂದೊಂದಕ್ಕೂ ಎಷ್ಟು ನೆರವು ಬೇಕಾಯಿತು ಎಂದು 0ರಿಂದ 5ರವರೆಗೆ ಗುರುತು ಹಾಕಿ. ನೆರವೇ ಬೇಡವಾದರೆ 0. “ಮುಂದೇನು?” ಎಂಬಂಥ ಸುತ್ತುಬಳಸಿನ ಮಾತು ಸಾಕಾದರೆ 1. ಬೆರಳು ತೋರಿಸಬೇಕಾದರೆ 2. “ಗ್ಯಾಸ್ ಆರಿಸು” ಎಂದು ನೇರ ಹೇಳಬೇಕಾದರೆ 3. ಕೈಹಿಡಿದು ನೆರವಾಗಬೇಕಾದರೆ 4. ನೀವೇ ಮಾಡಬೇಕಾದರೆ 5. ಪಕ್ಕದಲ್ಲಿ ಹಿಡಿದ ಸಮಯ ಬರೆಯಿರಿ. ಸುಮ್ಮನಿರುವುದೇ ಇಲ್ಲಿ ಕಷ್ಟದ ಕೆಲಸ. ಹತ್ತು ಸೆಕೆಂಡು ಮೌನವಾದರೆ ಸಾಕು, ನಮ್ಮ ಬಾಯಿ ತಾನಾಗಿ ತೆರೆಯುತ್ತದೆ. ಅಪಾಯವಿಲ್ಲದ ಕಡೆ ನಿಧಾನವಾಗಿ ಇಪ್ಪತ್ತರವರೆಗೆ ಮನಸ್ಸಿನಲ್ಲಿ ಎಣಿಸಿ, ಆಮೇಲೆ ನೆರವು ಕೊಡಿ.

ಯಾವ ಕೆಲಸ ಆರಿಸಬೇಕು? ಅವರು ದಿನವೂ ಮಾಡುವಂಥದ್ದು, ಅವರಿಗೆ ಬೇಕಾದದ್ದು. ಹೋಟೆಲಿನ ಗಲ್ಲಾದಲ್ಲಿ ಕೂತು ಬದುಕು ಕಟ್ಟಿದ ಗಂಡಸನ್ನು ಸಾಂಬಾರು ಮಾಡಿಸಿ ಅಳೆಯುವುದರಲ್ಲಿ ಅರ್ಥವಿಲ್ಲ. ಅವರಿಗೆ ನಾಲ್ಕು ಟೇಬಲ್ಲಿನ ಬಿಲ್ಲು, ಒಂದು ಪಾರ್ಸೆಲ್, ನಡುವೆ ಬರುವ ಫೋನು, ಇಷ್ಟನ್ನು ಒಟ್ಟಿಗೆ ಕೊಟ್ಟು ನೋಡಬೇಕು. ನಾನು ಹೆಚ್ಚಾಗಿ ಬಳಸುವ ಕೆಲವನ್ನು ಹೇಳುತ್ತೇನೆ.

ಒಂದು ವಾರದ ಮಾತ್ರೆಗಳನ್ನು ಡಬ್ಬಿಯ ಮನೆಗಳಿಗೆ ತುಂಬಿಸುವುದು. ಡಾಕ್ಟರ ಚೀಟಿ, ಮಾತ್ರೆಯ ಸ್ಟ್ರಿಪ್ಪುಗಳು, ಡಬ್ಬಿ, ಮೂರನ್ನೂ ಮುಂದಿಟ್ಟು ಸುಮ್ಮನಿರಿ. ದಿನಕ್ಕೆ ಎರಡು ಸಲದ ಮಾತ್ರೆ ಮತ್ತು ವಾರಕ್ಕೊಮ್ಮೆಯ ಮಾತ್ರೆ ಬೆರೆತಾಗ ಏನು ಮಾಡುತ್ತಾರೆ ನೋಡಿ. ಮುಗಿದ ಮೇಲೆ ತಾವೇ ಒಮ್ಮೆ ತಾಳೆ ನೋಡುತ್ತಾರೆಯೇ ಎಂಬುದು ಎಲ್ಲಕ್ಕಿಂತ ಮುಖ್ಯ. ಅವರು ಎದ್ದು ಹೋದ ಮೇಲೆ ನೀವು ಪರೀಕ್ಷಿಸಿ, ತಪ್ಪಿದ್ದರೆ ಸರಿಪಡಿಸಿಯೇ ಏಳಿ.

ಕರೆಂಟ್ ಬಿಲ್. ಕೊನೆಯ ದಿನಾಂಕ ಹುಡುಕುವುದು, ಮೊತ್ತ ಓದುವುದು, ಫೋನಿನಲ್ಲಿ ಕಟ್ಟುವುದು, ಕಟ್ಟಿದ್ದಕ್ಕೆ ಗುರುತು ಇಟ್ಟುಕೊಳ್ಳುವುದು. ಎರಡು ಸಲ ಕಟ್ಟುವುದೂ ಕಟ್ಟಿದೆನೆಂದು ಬಿಡುವುದೂ ಎರಡೂ ನೋಡಿದ್ದೇನೆ. ಇದೇ ಹೊತ್ತಿಗೆ ಕೇಳಿ: ಬ್ಯಾಂಕಿನಿಂದ ಎಂದು ಯಾರೋ ಫೋನ್ ಮಾಡಿ ಒ.ಟಿ.ಪಿ. ಕೇಳಿದರೆ ಏನು ಮಾಡುತ್ತೀರಿ? ಅವಸರ ಮಾಡಿಸುವ ದನಿಯ ಮುಂದೆ ನಿಧಾನವಾಗಿ ಯೋಚಿಸುವವರು ಬಹಳ ಬೇಗ ಸೋಲುತ್ತಾರೆ. ಅದು ಅವರ ತಪ್ಪಲ್ಲ, ಆದರೆ ನಮಗೆ ತಿಳಿದಿರಬೇಕು.

ಪ್ರಯಾಣ. ಅಕ್ಕನಿಗೆ ಕೊಟ್ಟ ಕೆಲಸ: ಮಾಟುಂಗಾದ ಮೈಸೂರು ಅಸೋಸಿಯೇಶನ್ನಿನಲ್ಲಿ ಭಾನುವಾರ ಸಂಜೆ 5ಕ್ಕೆ ಕಾರ್ಯಕ್ರಮ, ಡೊಂಬಿವಲಿಯಿಂದ ಎಷ್ಟಕ್ಕೆ ಹೊರಡಬೇಕು, ಯಾವ ಗಾಡಿ? ಕೂತು ಕಾಗದದ ಮೇಲೆ ಮಾಡುವ ಕೆಲಸ. ಫಾಸ್ಟ್ ಲೋಕಲ್ ಮಾಟುಂಗಾದಲ್ಲಿ ನಿಲ್ಲುವುದಿಲ್ಲ. ಸ್ಲೋ ಹಿಡಿದರೆ ಇಳಿದು ಹತ್ತುವ ಕಷ್ಟವಿಲ್ಲ, ಹೊತ್ತು ಹೆಚ್ಚು. ದಾದರ್‌ವರೆಗೆ ಫಾಸ್ಟಿನಲ್ಲಿ ಹೋಗಿ ಒಂದು ಸ್ಟೇಷನ್ ಹಿಂದೆ ಬಂದರೆ ಬೇಗ, ಆದರೆ ಸೇತುವೆ ಹತ್ತಬೇಕು. ಅಕ್ಕ ಫೋನಿನಲ್ಲಿ ಗಾಡಿಗಳ ಸಮಯ ತೋರಿಸುವ ಎಂ-ಇಂಡಿಕೇಟರ್ ಆ್ಯಪ್ ತೆರೆದು, ತನ್ನ ಕಾಲಿನ ಸ್ಥಿತಿ ನೆನೆದು ಸ್ಲೋ ಗಾಡಿಯನ್ನೇ ಆರಿಸಿದಳು. ಒಳ್ಳೆಯ ತೀರ್ಮಾನ, ಯಾವ ನೆರವೂ ಬೇಡ, 0. ಆಮೇಲೆ ನಾನು “ಅಂದು ಮೆಗಾಬ್ಲಾಕ್ ಇದೆಯಂತೆ” ಎಂದೆ, ಅಂದರೆ ಹಳಿ ರಿಪೇರಿಗೆಂದು ಕೆಲವು ಗಂಟೆ ಗಾಡಿ ನಿಲ್ಲಿಸುವುದು. ಅವಳು ಮತ್ತೆ ಅದೇ ಗಾಡಿಯ ಸಮಯವನ್ನೇ ಮೂರು ಸಲ ಓದಿದಳು. ಹೊಸ ಸಂಗತಿಯನ್ನು ಹಳೆಯ ಯೋಜನೆಯೊಳಗೆ ಸೇರಿಸಲು ಆಗಲಿಲ್ಲ. “ಬ್ಲಾಕ್ ಎಷ್ಟು ಗಂಟೆಗೆ ಮುಗಿಯುತ್ತದೆ ನೋಡೋಣವಾ?” ಎಂದ ಮೇಲೆ ದಾರಿ ಸಿಕ್ಕಿತು. ಯೋಜನೆ ಹಾಕುವ ಶಕ್ತಿ ಇದೆ, ಯೋಜನೆ ಬದಲಿಸಲು ಆಸರೆ ಬೇಕು. ಇಷ್ಟು ಸೂಕ್ಷ್ಮವಾದ ಸಂಗತಿಯನ್ನು ಅಂಕಪಟ್ಟಿ ಹೇಳಲಾರದು.

ಅದೇ ಕೆಲಸವನ್ನು ಟಿವಿ ಆರಿಸಿ ಒಮ್ಮೆ, ಟಿವಿ ಹಾಕಿ, ಮಕ್ಕಳು ಮಾತಾಡುವಾಗ ಇನ್ನೊಮ್ಮೆ ಮಾಡಿಸಿ ನೋಡಿ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಒಂದೇ ದಿನದಲ್ಲಿ ಎಲ್ಲವನ್ನೂ ತುರುಕಬೇಡಿ. ನಮ್ಮ ಮನೆಗಳಲ್ಲಿ ಸದ್ದಿಲ್ಲದ ಕೋಣೆ ಸಿಗುವುದಿಲ್ಲ, ಹಾಗಾಗಿ ಈ ವ್ಯತ್ಯಾಸ ತಿಳಿಯುವುದು ಬಹಳ ಬೆಲೆಯುಳ್ಳದ್ದು. ಅಕ್ಕನ ಸೀಟಿ ಲೆಕ್ಕ ತಪ್ಪುತ್ತಿದ್ದುದು ಯಾರಾದರೂ ನಡುವೆ ಮಾತಾಡಿಸಿದಾಗ ಮಾತ್ರ.

ಹಂತ 6: ಆಸ್ಪತ್ರೆಯ ಪರೀಕ್ಷೆ, ಮತ್ತು ಯಾವ ಭಾಷೆಯಲ್ಲಿ ಎಂಬ ಪ್ರಶ್ನೆ

2018ರಲ್ಲಿ ಪ್ರಕಟವಾದ ತಜ್ಞರ ಶಿಫಾರಸಿನ ಪ್ರಕಾರ, ಕಾಯಿಲೆ ಗೊತ್ತಾದ ಹೊಸತರಲ್ಲೇ ಒಂದು ಮೂಲ ಅಳತೆ ಆಗಬೇಕು, ಆಮೇಲೆ ವರ್ಷಕ್ಕೊಮ್ಮೆ ಅದೇ ಪರೀಕ್ಷೆಯಿಂದ ಮತ್ತೆ ನೋಡಬೇಕು. ಇದಕ್ಕೆ ಹೆಚ್ಚು ಬಳಕೆಯಲ್ಲಿರುವುದು ಎಸ್‌ಡಿಎಂಟಿ, ಅಂದರೆ ಸಿಂಬಲ್ ಡಿಜಿಟ್ ಮೊಡ್ಯಾಲಿಟೀಸ್ ಟೆಸ್ಟ್. ಒಂಬತ್ತು ಚಿಹ್ನೆ, ಒಂದೊಂದಕ್ಕೂ 1ರಿಂದ 9ರವರೆಗಿನ ಒಂದು ಅಂಕೆ. ಚಿಹ್ನೆಗಳ ಸಾಲು ನೋಡಿ 90 ಸೆಕೆಂಡಿನಲ್ಲಿ ಸಾಧ್ಯವಾದಷ್ಟು ಅಂಕೆ ಹೇಳಬೇಕು. ಕೈ ನಡುಗುವವರಿಗೆ ಅಡ್ಡಿಯಾಗದಂತೆ ಬಾಯಲ್ಲಿ ಹೇಳಿಸುವುದೇ ರೂಢಿ. ಸುಮಾರು 4 ಅಂಕ ಇಳಿದರೆ ಅದನ್ನು ಗಂಭೀರವಾಗಿ ನೋಡುತ್ತಾರೆ.

ಇನ್ನೂ ಸ್ವಲ್ಪ ಆಳಕ್ಕೆ ಹೋಗುವುದು ಬಿಕ್ಯಾಮ್ಸ್, ಎಂ.ಎಸ್.ಗೆಂದೇ ಜೋಡಿಸಿದ ಮೂರು ಪರೀಕ್ಷೆಗಳ ಚಿಕ್ಕ ಗುಚ್ಛ. 2012ರಿಂದ ಬಳಕೆಯಲ್ಲಿದೆ, ಸುಮಾರು 15 ನಿಮಿಷದ್ದು. ಎಸ್‌ಡಿಎಂಟಿ ಜೊತೆಗೆ 16 ಪದಗಳ ಪಟ್ಟಿಯನ್ನು ಐದು ಸಲ ಕೇಳಿ ಹೇಳುವುದು, ಆರು ಆಕೃತಿಗಳನ್ನು ಮೂರು ಸಲ ನೋಡಿ ಬರೆಯುವುದು ಸೇರಿದೆ. 30 ಅಂಕದ ಎಂಎಂಎಸ್‌ಇ ಮಾಡಿ “28 ಬಂತು, ಏನೂ ತೊಂದರೆ ಇಲ್ಲ” ಎಂದರೆ ಒಪ್ಪಿಕೊಳ್ಳಬೇಡಿ. ಆ ಪರೀಕ್ಷೆ ವಯಸ್ಸಾದವರ ಡಿಮೆನ್ಷಿಯಾಕ್ಕೆ, ಅಂದರೆ ಮರೆಗುಳಿ ಕಾಯಿಲೆಗೆ, ಮಾಡಿದ್ದು, ಎಂ.ಎಸ್.ನ ನಿಧಾನ ಅದರಲ್ಲಿ ಸಿಕ್ಕುವುದಿಲ್ಲ.

ಈಗ ಭಾಷೆ. ಅಕ್ಕನನ್ನು ಮೊದಲು ಪರೀಕ್ಷಿಸಿದ್ದು ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ. ಪದಗಳ ಪಟ್ಟಿಯನ್ನು ಇಂಗ್ಲಿಷಿನಲ್ಲಿ, ಅದೂ ವೇಗವಾಗಿ ಓದಿದರು. ಅಕ್ಕ ಕುಂದಾಪುರದಲ್ಲಿ ಹತ್ತನೆಯವರೆಗೆ ಕನ್ನಡದಲ್ಲಿ ಓದಿದವಳು. ಇಂಗ್ಲಿಷ್ ಅರ್ಥವಾಗುತ್ತದೆ, ಆದರೆ ಒಂದೊಂದು ಪದವನ್ನೂ ಒಳಗೆ ತಿರುಗಿಸಿಕೊಳ್ಳಬೇಕು. “ಸ್ಮರಣಶಕ್ತಿ ತೀವ್ರ ಕುಂದಿದೆ” ಎಂದು ರಿಪೋರ್ಟು ಬಂತು. ಆ ಕಾಗದ ಹಿಡಿದು ಅವಳು ಎರಡು ದಿನ ಊಟ ಬಿಟ್ಟಳು. ಕೆಲವು ತಿಂಗಳ ನಂತರ ಕನ್ನಡ ಬಲ್ಲ ಮನಶ್ಶಾಸ್ತ್ರಜ್ಞೆಯೊಬ್ಬರು ಕನ್ನಡದ ಪಟ್ಟಿಯಿಂದ ನೋಡಿದಾಗ ಕಲಿಕೆ ನಿಧಾನ, ಆದರೆ ಕಲಿತದ್ದು ಉಳಿಯುತ್ತದೆ ಎಂದು ತಿಳಿಯಿತು. ಎರಡು ರಿಪೋರ್ಟಿನ ನಡುವೆ ಇರುವುದು ಒಂದು ಜೀವದ ಧೈರ್ಯ.

ಆದ್ದರಿಂದ ಪರೀಕ್ಷೆಗೆ ದಿನ ಗೊತ್ತುಮಾಡುವಾಗಲೇ ಹೇಳಿ: ಮನೆಮಾತು ಯಾವುದು, ಶಾಲೆ ಯಾವ ಮಾಧ್ಯಮ, ಲೆಕ್ಕ ಮಾಡುವುದು ಯಾವ ಭಾಷೆಯಲ್ಲಿ. ಕೊನೆಯದು ಬಹಳ ಮಂದಿಗೆ ಹೊಳೆಯುವುದಿಲ್ಲ. ಮನೆಯಲ್ಲಿ ತುಳು ಅಥವಾ ಕನ್ನಡ, ಓದಿದ್ದು ಮರಾಠಿ ಶಾಲೆ, ಹಾಗಿದ್ದರೆ ಎಣಿಕೆ ಮರಾಠಿಯಲ್ಲೇ ನಡೆಯುತ್ತಿರಬಹುದು. ನೋಟು ಎಣಿಸುವಾಗ ತುಟಿ ಯಾವ ಭಾಷೆಯಲ್ಲಿ ಆಡುತ್ತದೆ ನೋಡಿ, ಎಸ್‌ಡಿಎಂಟಿಯ ಅಂಕೆಗಳನ್ನು ಆ ಭಾಷೆಯಲ್ಲೇ ಹೇಳಲಿ. ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಹೊರತಂದ ನ್ಯೂರೋಸೈಕಾಲಜಿ ಬ್ಯಾಟರಿ ಎಂಬ ಪರೀಕ್ಷೆಗಳ ಗುಚ್ಛದಲ್ಲಿ ವಯಸ್ಸು, ಲಿಂಗ, ವಿದ್ಯಾಭ್ಯಾಸಕ್ಕೆ ತಕ್ಕ ಭಾರತೀಯ ಮಾನಕಗಳಿವೆ, ಅಂದರೆ ಹೋಲಿಸಿ ನೋಡಲು ಸಾಮಾನ್ಯರ ಅಂಕಗಳು. ಅಮೆರಿಕದ ಮಾನಕಕ್ಕೆ ಹೋಲಿಸುತ್ತಿದ್ದಾರೋ ಇಲ್ಲಿಯದಕ್ಕೋ ಎಂದು ಕೇಳುವ ಹಕ್ಕು ನಿಮಗಿದೆ.

ಇಂಟರ್ನೆಟ್ಟಿನಿಂದ ಈ ಪರೀಕ್ಷೆಗಳನ್ನು ಇಳಿಸಿಕೊಂಡು ಮನೆಯಲ್ಲಿ ಅಭ್ಯಾಸ ಮಾಡಿಸಬೇಡಿ. ಅಭ್ಯಾಸದಿಂದ ಅಂಕ ಏರುತ್ತದೆ, ನಿಜವಾದ ಇಳಿತ ಅದರಡಿ ಮುಚ್ಚಿಹೋಗುತ್ತದೆ. ಕೆ.ಇ.ಎಂ., ಸಯನ್, ನಾಯರ್ ಆಸ್ಪತ್ರೆಗಳಲ್ಲಿ ನ್ಯೂರಾಲಜಿಯೂ ಇದೆ, ಆಕ್ಯುಪೇಷನಲ್ ಥೆರಪಿಯೂ ಇದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾದ ಶಾಖೆಗಳು ಮುಂಬಯಿಯಲ್ಲೂ ಪುಣೆಯಲ್ಲೂ ಇವೆ, ದಾರಿ ಕೇಳಲು ಒಳ್ಳೆಯ ಜಾಗ.

ಹಂತ 7: ಎಲ್ಲವನ್ನೂ ಒಂದೇ ಮೇಜಿನ ಮೇಲೆ

ನೋಟುಬುಕ್, ಎರಡು ಪ್ರಶ್ನಾವಳಿ, ಕೆಲಸದ ಗುರುತುಗಳು, ಪರೀಕ್ಷೆಯ ಅಂಕ, ಇವನ್ನು ಒಟ್ಟಿಗೆ ಹರಡಿ. ಎಲ್ಲ ಸರಿ, ಬರೀ ನಿಧಾನ ಎಂದಾದರೆ ಬೇಕಾದದ್ದು ಸಮಯ. ಒಂದು ಸಲಕ್ಕೆ ಒಂದೇ ಮಾತು, ಅವಸರವಿಲ್ಲದೆ. ಒಂಟಿಯಾಗಿದ್ದಾಗ ಸರಿ, ಅಡ್ಡಿ ಬಂದರೆ ತಪ್ಪು ಎಂದಾದರೆ ಅಡ್ಡಿಯನ್ನು ಕಡಿಮೆ ಮಾಡಬೇಕು. ಹೆಜ್ಜೆ ತಪ್ಪಿಸುತ್ತಾರೆ ಎಂದಾದರೆ ಹೆಜ್ಜೆಗಳನ್ನು ಬರೆದು ಗೋಡೆಗೆ ಅಂಟಿಸಬೇಕು. ಕಲಿಯಲು ಹೊತ್ತು ಬೇಕು ಎಂದಾದರೆ ಹೊಸದನ್ನು ಅವರ ಬಾಯಿಂದಲೇ ಹೇಳಿಸಿ, ಕಣ್ಣಮುಂದೆ ಚಿತ್ರವಾಗಿ ತಂದುಕೊಳ್ಳಲು ಹೇಳಿ, ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಬೇಕು. ನೆನಪಿಗೆಂದು ಸಾಬೀತಾದ ಮಾತ್ರೆ ಇಲ್ಲ. ತರಬೇತಾದವರಿಂದ ಕಾಗ್ನಿಟಿವ್ ರಿಹ್ಯಾಬಿಲಿಟೇಶನ್, ಅಂದರೆ ನೆನಪು, ಗಮನ, ಯೋಚನೆಗೆ ಕೊಡುವ ತರಬೇತಿ, ಸಿಕ್ಕರೆ ಪ್ರಯೋಜನವಿದೆ, ದೇಹಕ್ಕೆ ತಕ್ಕ ವ್ಯಾಯಾಮವೂ ಒಳ್ಳೆಯದು.

ಅಂಕ ಚೆನ್ನಾಗಿದ್ದು ಮನೆಯಲ್ಲಿ ತೊಂದರೆ ಇದ್ದರೆ ಮನೆಯದನ್ನೇ ನಂಬಿ. ಸದ್ದಿಲ್ಲದ ಏ.ಸಿ. ಕೋಣೆಯಲ್ಲಿ, ಎದುರಿಗೆ ಒಬ್ಬರೇ ಕೂತಾಗ ಬಂದ ಅಂಕ ಅದು.

ನೌಕರಿಯಲ್ಲಿ ಇರುವವರು ಒಂದು ಸಂಗತಿ ತಿಳಿದಿರಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಲ್ಟಿಪಲ್ ಸ್ಕ್ಲೆರೋಸಿಸ್ ಇದೆ. ಸರ್ಕಾರಿ ಸಂಸ್ಥೆಗಳಲ್ಲಿ ನೌಕರಿಯ ನಡುವೆ ಅಂಗವೈಕಲ್ಯ ಬಂತೆಂದು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಕಾಯಂ ತೊಂದರೆ 40% ಅಥವಾ ಹೆಚ್ಚೆಂದು ಪ್ರಮಾಣಪತ್ರ ಸಿಕ್ಕರೆ ಇನ್ನಷ್ಟು ಸೌಲಭ್ಯಗಳಿವೆ. ಇಂಥ ಕಡೆ ಬರವಣಿಗೆಯಲ್ಲಿರುವ ಅಳತೆ ಬಾಯಿಮಾತಿಗಿಂತ ಹೆಚ್ಚು ತೂಗುತ್ತದೆ.

ವರ್ಷಕ್ಕೊಮ್ಮೆ ಇದನ್ನೆಲ್ಲ ಮತ್ತೆ ಮಾಡಿ, ಅದೇ ತಿಂಗಳಲ್ಲಿ, ಅದೇ ಹೊತ್ತಿನಲ್ಲಿ, ಅದೇ ಕೆಲಸಗಳಿಂದ. ಮುಂಬಯಿಯಲ್ಲಿ ಜನವರಿ ಒಳ್ಳೆಯದು, ಸೆಕೆ ಇರುವುದಿಲ್ಲ.

ಈ ಜನವರಿಯಲ್ಲಿ ಅಕ್ಕನ ಒಲೆಯ ಪಕ್ಕ ಒಂದು ತಟ್ಟೆಯಲ್ಲಿ ಮೂರು ಹುಣಸೆಬೀಜ ಇದ್ದವು. ಕುಕ್ಕರ್ ಕೂಗಿದಾಗೆಲ್ಲ ಒಂದನ್ನು ತೆಗೆದು ಪಕ್ಕದ ಬಟ್ಟಲಿಗೆ ಹಾಕುತ್ತಾಳೆ, ತಟ್ಟೆ ಖಾಲಿಯಾದರೆ ಗ್ಯಾಸ್ ಆರಿಸುತ್ತಾಳೆ. ನಾನು ಬೇಕೆಂದೇ ನಡುವೆ ಫೀಸಿನ ಮಾತು ತೆಗೆದೆ. “ತಡಿ, ಒಗ್ಗರಣೆ ಆಗ್ಲಿ” ಅಂದಳು. ಅನ್ನ, ಸಾರು, ಪಲ್ಯ ಮುಗಿಯಲು 55 ನಿಮಿಷ ಹಿಡಿಯಿತು, ಎರಡು ವರ್ಷದ ಹಿಂದೆ 40 ಇತ್ತು. ನೆರವಿನ ಅಂಕ ಐದೂ ಕಡೆ 0. ಎರಡನ್ನೂ ನೋಟುಬುಕ್ಕಿನಲ್ಲಿ ಬರೆದುಕೊಂಡೆವು.